ಸಂಡೇ ಬಜಾರಲ್ಲಿ ಸಿಕ್ಕ ಹಳೇ ರೀಲು, ಬಿದಿರಿನ ರಾಡು: ರಿಪೇರಿ ಎಲ್ಲಿಂದ ಶುರು ಮಾಡ್ಲಿ?

ಗಾಳಗುಂಡ:
ಎಲ್ರಿಗೂ ನಮಸ್ಕಾರ. ಚಿಕ್ಕಪೇಟೆ ಸಂಡೇ ಬಜಾರಲ್ಲಿ ಒಂದು ಫಿಶಿಂಗ್ ರೀಲು, ಒಂದು ರಾಡು ಸೆಟ್ಟಾಗಿ ತಗೊಂಡೆ. ರೀಲು ಕೆಂಪು ಬಣ್ಣ, ಆಬು ಅಂಬಾಸಡರ್ 5000 ಅಂತ ಬರೆದಿದೆ, ಮೇಡ್ ಇನ್ ಸ್ವೀಡನ್, ರಾಡಿಗೆ ಕೂರೋ ಪಾದದ ಕೆಳಗೆ 760302 ಅಂತ ನಂಬರ್ ಒತ್ತಿದಾರೆ. ಹ್ಯಾಂಡಲ್ ಅರ್ಧ ಸುತ್ತು ತಿರುಗಿ ಗಕ್ಕಂತ ನಿಲ್ಲತ್ತೆ, ದಾರ ಅತ್ತಿಂದಿತ್ತ ಹಂಚೋ ಸಣ್ಣ ಗೈಡ್ ಇದ್ಯಲ್ಲ ಅದು ಒಂದು ಮೂಲೇಲಿ ಕಚ್ಕೊಂಡು ಕೂತಿದೆ, ಸಂದಿಲೆಲ್ಲಾ ಹಸಿರು ಕಿಲುಬು. ರಾಡು ಬಿದಿರಿಂದು, ಆದ್ರೆ ದುಂಡಗಿಲ್ಲ, ಆರು ಮೂಲೆ ಇದೆ, ಮೂರು ತುಂಡು, ಅದ್ರಲ್ಲಿ ಎರಡು ತುಂಡು ಜಾಯಿಂಟಲ್ಲಿ ಅಂಟ್ಕೊಂಡು ಬಿಡ್ತಾನೇ ಇಲ್ಲ. ರಿಂಗುಗಳನ್ನ ರಾಡಿಗೆ ಕಟ್ಟೋಕೆ ದಾರ ಸುತ್ತಿರೋದು ಅಲ್ಲಲ್ಲಿ ಬಿಚ್ಚಿದೆ, ಕಾರ್ಕ್ ಹಿಡಿ ತೂತು ಬಿದ್ದಿದೆ, ಕಂಪನಿ ಹೆಸರು ಅಳಿಸಿಹೋಗಿದೆ. ತುದಿ ರಿಂಗಲ್ಲಿ ಕಂದು ಬಣ್ಣದ ಕಲ್ಲು ಥರ ಏನೋ ಕೂರ್ಸಿದಾರೆ.

ನನ್ ಪ್ಲಾನ್ ಏನಂದ್ರೆ ರೀಲಿಗೆ ಬ್ರಾಸೋ ಹಾಕಿ ಫಳಫಳ ಅನ್ಸೋದು, ರಾಡಿಗೆ ಸ್ಯಾಂಡ್ ಪೇಪರ್ ಉಜ್ಜಿ ವಾರ್ನಿಶ್ ಹೊಡೆಯೋದು, ಆಮೇಲೆ ಕಾವೇರಿಗೆ ಹೋಗಿ ಒಂದು ಬಿಳಿಮೀನು (ಮಹಸೀರ್) ಹಿಡಿಯೋದು. ಗೊತ್ತಿರೋರು ಹೇಳಿ ಗುರುಗಳೇ, ಸರೀನಾ?

ಪೇಟೆ_ಹೈದ:
ಎಷ್ಟು ಕೊಟ್ರಿ ಅದು ಹೇಳಿ ಫಸ್ಟು 😄

ರಿಪೇರಿರಾಯ:
ಬ್ರಾಸೋ ಡಬ್ಬಿ ಮೊದ್ಲು ಬೀರು ಒಳಗಿಡಿ ಸ್ವಾಮಿ. ಆ ಕೆಂಪು ಪೇಂಟ್ ಅಲ್ಲ, ಅಲ್ಯೂಮಿನಿಯಂ ಮೇಲೆ ಅನೋಡೈಸ್ ಮಾಡಿರೋ ಬಣ್ಣ, ಉಜ್ಜಿದ್ರೆ ಹೋಗತ್ತೆ, ಹೋದ್ರೆ ಮನೇಲಿ ವಾಪಸ್ ಬರ್ಸೋಕಾಗಲ್ಲ. ವಾಷಿಂಗ್ ಸೋಡಾ ನೀರಲ್ಲಿ ನೆನೆಹಾಕೋ ಐಡಿಯಾ ಯಾರಾದ್ರೂ ಕೊಟ್ರೆ ಅದೂ ಬೇಡ, ಕ್ಷಾರ ಅನೋಡೈಸನ್ನ ತಿಂದ್ಹಾಕತ್ತೆ. ಹುಣಸೆಹಣ್ಣೂ ಬೇಡ, ಒಳಗಿನ ಫ್ರೇಮು ಹಿತ್ತಾಳೆ ಮೇಲೆ ಕ್ರೋಮ್, ಕ್ರೋಮ್ ಎದ್ದಿರೋ ಕಡೆ ಹುಳಿ ನುಗ್ಗಿದ್ರೆ ಇನ್ನೂ ಏಳತ್ತೆ. ಪಾತ್ರೆ ತೊಳೆಯೋ ಲಿಕ್ವಿಡ್, ಉಗುರುಬೆಚ್ಚಗಿನ ನೀರು, ಹಳೇ ಟೂತ್ ಬ್ರಶ್, ಹೊರಗಡೆಗೆ ಅಷ್ಟೇ ಸಾಕು.

ನಂಬರ್ ಬಗ್ಗೆ: 76 ಅಂದ್ರೆ ವರ್ಷ, 03 ಅಂದ್ರೆ ತಿಂಗಳು. 1976ರ ಮಾರ್ಚ್ ಮಾಲು ನಿಮ್ದು. ಸ್ವೀಡನ್ನಿನ ಸ್ವೆಂಗ್‌ಸ್ಟಾ ಅನ್ನೋ ಊರಲ್ಲಿ ಮಾಡ್ತಿದ್ದಿದ್ದು. ಆ ಕಂಪನಿ 1921ರಲ್ಲಿ ಶುರುವಾಗಿದ್ದು ಗಡಿಯಾರದ ಕೆಲಸಕ್ಕೆ, ಟ್ಯಾಕ್ಸಿ ಮೀಟರ್ ಮಾಡ್ತಿದ್ರು, ರೀಲಿಗೆ ಬಂದಿದ್ದು ಆಮೇಲೆ. ಬಿಚ್ಚಿ ನೋಡಿದ್ರೆ ನಿಮಗೇ ತಿಳಿಯತ್ತೆ, ಗಡಿಯಾರದೋರ ಕೈ ಅದು. 5000 ಮಾಡೆಲ್ 1952ರಿಂದ ಇದೆ, ಹಂಗಾಗಿ ಇದು ಅಪರೂಪದ ವಸ್ತು ಅಂತೇನಿಲ್ಲ, ಆದ್ರೆ ಓಡಿಸೋಕೆ ಇದಕ್ಕಿಂತ ಒಳ್ಳೇ ಹಳೇ ರೀಲು ಕಷ್ಟ.

ಬಿಚ್ಚೋದು ಸುಲಭ. ಹ್ಯಾಂಡಲ್ ಕಡೆ ಮೂರು ಗಂಟು ಸ್ಕ್ರೂ ಇರತ್ತೆ, ಬೆರಳಲ್ಲೇ ಸಡಿಲ ಮಾಡ್ಬಹುದು, ಮಾಡಿದ್ರೆ ಆ ಕಡೆ ತಟ್ಟೆ ಪೂರ್ತಿ ಕೈಗೆ ಬರತ್ತೆ, ದಾರ ಸುತ್ತೋ ಉರುಳೆ, ಅಂದ್ರೆ ಸ್ಪೂಲ್, ಜಾರಿ ಆಚೆ ಬರತ್ತೆ. ಇಷ್ಟಕ್ಕೆ ಟೂಲ್ಸೇ ಬೇಡ. ಗೇರ್ ನೋಡ್ಬೇಕು ಅಂದ್ರೆ ಮಾತ್ರ ಹ್ಯಾಂಡಲ್ ನಟ್ಟು ಬಿಚ್ಚಿ. ಅದರ ಮೇಲೊಂದು ಸಣ್ಣ ಲಾಕ್ ಪ್ಲೇಟ್, ಪುಟಾಣಿ ಸ್ಕ್ರೂ ಇದೆ, ಅದನ್ನ ತೆಗೀದೆ ನಟ್ಟಿಗೆ ಪಾನಾ ಹಾಕ್ಬೇಡಿ. ಬಿಳಿ ಬಟ್ಟೆ ಹಾಸಿದ ತಟ್ಟೇಲಿ ಕೆಲಸ ಮಾಡಿ, ಒಂದೊಂದು ಪಾರ್ಟ್ ತೆಗೆದಾಗ್ಲೂ ಮೊಬೈಲಲ್ಲಿ ಫೋಟೋ ಹೊಡೀರಿ, ಒಳಗೆ ಸ್ಪ್ರಿಂಗ್ ಇದಾವೆ, ಹಾರಿದ್ರೆ ಸೋಫಾ ಕೆಳಗೆ ಹುಡುಕ್ಬೇಕು.

ಹ್ಯಾಂಡಲ್ ಗಕ್ಕಂತ ನಿಲ್ಲೋದಕ್ಕೆ ಮುಕ್ಕಾಲು ಪಾಲು ಕಾರಣ ಆ ದಾರ ಹಂಚೋ ಗೈಡೇ. ಅದರ ಕೆಳಗೆ ಅಡ್ಡಡ್ಡ ಗಾಡಿ (ಸಣ್ಣ ಕಾಲುವೆ ಥರ ಗೀರು) ಕೊರೆದಿರೋ ಒಂದು ಕಂಬಿ, ಗೈಡ್ ಒಳಗೆ ಉಗುರಿನಷ್ಟು ಪುಟ್ಟ ಹಲ್ಲು, ಪಾಲ್ ಅಂತಾರೆ, ಅದು ಗಾಡೀಲಿ ಓಡ್ತಾ ಅತ್ತ ಹೋಗಿ ಇತ್ತ ಬರ್ಬೇಕು. ಹಳೇ ಗ್ರೀಸ್ ಒಣಗಿ ಮೇಣ ಆಗಿದ್ರೆ ಮೂಲೇಲಿ ತಿರುಗಕ್ಕಾಗದೆ ಕಚ್ಕೊಳತ್ತೆ. ಗೈಡ್ ತಳದಲ್ಲಿ ಒಂದು ಕ್ಯಾಪ್ ಇದೆ, ತಿರುಗಿಸಿ ತೆಗೆದ್ರೆ ಪಾಲ್ ಕೆಳಗೆ ಬೀಳತ್ತೆ. ಕಂಬಿ, ಪಾಲ್ ಎರಡೂ ಸೀಮೆಎಣ್ಣೇಲಿ ರಾತ್ರಿ ನೆನೆಸಿ, ಬೆಳಿಗ್ಗೆ ಗಾಡಿ ಒಳಗಿನ ಕೊಳೆನ ಹಲ್ಲು ಚುಚ್ಚೋ ಕಡ್ಡೀಲಿ ಕೆರೀರಿ. ಪಾಲ್ ತುದಿ ಸವೆದು ಮೊಂಡಾಗಿದ್ರೆ ಹೊಸದು ಹಾಕ್ಬೇಕು, ಆನ್‌ಲೈನಲ್ಲಿ ಸಿಗತ್ತೆ. ಈ ರೀಲ್ ಜೊತೆ ಆಗ ಒಂದು ಲೆದರ್ ಕೇಸು, ಅದರೊಳಗೆ ಪಾನಾ, ಎಣ್ಣೆ ಟ್ಯೂಬು, ಸ್ಪೇರ್ ಪಾಲ್ ಕೊಡ್ತಿದ್ರು, ಮಾರಿದವನ ಹತ್ರ ಆ ಕೇಸು ಬಿದ್ದಿದ್ಯಾ ಕೇಳಿ ನೋಡಿ.

ಎಣ್ಣೆ: ಸ್ಪೂಲಿನ ಎರಡು ತುದಿಗೆ, ಆ ಕಂಬಿಗೆ ಹೊಲಿಗೆ ಮಷಿನ್ ಎಣ್ಣೆ ಒಂದೊಂದು ಹನಿ. ಗೇರಿಗೆ ತೆಳ್ಳಗೆ ಗ್ರೀಸು. ಡಬ್ಲ್ಯೂಡಿ-40 ಹೊಡೆದು ಮುಗೀತು ಅನ್ಕೋಬೇಡಿ, ಅದು ಬಿಡಿಸೋಕೆ ಸರಿ, ಓಡಿಸೋಕೆ ಅಲ್ಲ. ಕೊಬ್ಬರಿ ಎಣ್ಣೆಯಂತೂ ಮುಟ್ಟಿಸ್ಲೇಬೇಡಿ, ಚಳಿಗೆ ಗಟ್ಟಿ, ಆಮೇಲೆ ಅಂಟು. ಡ್ರ್ಯಾಗ್ (ಮೀನು ಜೋರಾಗಿ ಎಳೆದಾಗ ದಾರನ ಬಿಗಿಯಲ್ಲೇ ಬಿಡೋ ವ್ಯವಸ್ಥೆ) ವಾಷರ್ ಒಣಗಿ ಗಾಜಿನ ಹಾಗೆ ನುಣುಪಾಗಿದ್ರೆ ಕಾರ್ಬನ್ ವಾಷರ್ ಸೆಟ್ ತರಿಸಿ, ಅದೊಂದು ವಿಷಯದಲ್ಲಿ ಒರಿಜಿನಲ್ ಅಂತ ಹಠ ಮಾಡೋದ್ರಲ್ಲಿ ಅರ್ಥ ಇಲ್ಲ.

ಕಾಫಿಕಾಡು:
ರೀಲಿನ ಬಗ್ಗೆ ರಾಯರು ಹೇಳಿದ್ದು ಸರಿ ಇದೆ, ನಾನು ರಾಡಿನ ಬಗ್ಗೆ ಹೇಳ್ತೀನಿ. ನಮ್ಮ ತಾತ ಕೊಡಗಲ್ಲಿ ಎಸ್ಟೇಟ್ ರೈಟರ್ ಆಗಿದ್ರು, ದೊರೆಗಳು ಬಿಟ್ಟುಹೋದ ಇಂಥ ರಾಡುಗಳು ಬಂಗಲೆ ಅಟ್ಟದಲ್ಲಿ ಇರ್ತಿದ್ವು, ಕೆಲವು ನನ್ನ ಕೈಗೆ ಬಂದಿವೆ.

ಮೊದ್ಲು ಒಂದು ಪ್ರಶ್ನೆ. ರೀಲು ಕೂರ್ಸೋ ಜಾಗ ಎಲ್ಲಿದೆ? ಕಾರ್ಕ್ ಹಿಡಿ ಮಧ್ಯದಲ್ಲಾ, ಇಲ್ಲಾ ಹಿಡಿಗಿಂತ ಕೆಳಗೆ, ರಾಡಿನ ಕಟ್ಟಕಡೆಗಾ? ಮಧ್ಯದ ರಿಂಗುಗಳು ದುಂಡಗಿದಾವಾ, ಇಲ್ಲಾ ಹಾವು ಹೊರಳಿದ ಥರ ತೆಳು ತಂತೀದಾ? ಕಟ್ಟಕಡೆಗೆ ಇದ್ದು ತಂತಿ ರಿಂಗೂ ಇದ್ರೆ ಅದು ಫ್ಲೈ ರಾಡು, ಅಂದ್ರೆ ನೊಣದ ಥರ ಹಗುರ ಕೃತಕ ಎರೆನ ದಾರದ ಭಾರದಲ್ಲೇ ಬೀಸಿ ಎಸೆಯೋ ರಾಡು. ಆಗ ಈ ಅಂಬಾಸಡರ್ ಅದಕ್ಕೆ ಹೊಂದಲ್ಲ, ಅಂಗಡಿಯವನು ಯಾರದೋ ರಾಡಿಗೆ ಯಾರದೋ ರೀಲು ಗಂಟು ಹಾಕಿದಾನೆ ಅಂತ ಅರ್ಥ. ಕಂದು ಕಲ್ಲು ಅಗೇಟ್. ಅಗೇಟ್ ರಿಂಗ್ ಇರೋ ರಾಡು ಅಂದ್ರೆ 1976ರ ರೀಲಿಗಿಂತ ಹಳೇದೇ ಇರ್ಬೇಕು.

ಆರು ಮೂಲೆ ಯಾಕೆ ಅಂದ್ರೆ ಅದು ಇಡೀ ಬಿದಿರಲ್ಲ. ಬಿದಿರನ್ನ ಸೀಳಿ, ತ್ರಿಕೋನ ಪಟ್ಟಿ ಹೆರೆದು, ಆರು ಪಟ್ಟಿ ಸೇರಿಸಿ ಅಂಟು ಹಾಕಿರ್ತಾರೆ. ಸಾಮಾನ್ಯವಾಗಿ ಚೀನಾದ ಟೋಂಕಿನ್ ಬಿದಿರು. ಬಿದಿರಿನ ಶಕ್ತಿ ಎಲ್ಲಾ ಸಿಪ್ಪೆ ಹತ್ರದ ನಾರಲ್ಲಿ, ಒಳಗಿರೋದು ಬರೀ ಬೆಂಡು. ನೀವು ಸ್ಯಾಂಡ್ ಪೇಪರ್ ಹಿಡಿದ್ರೆ ಮೊದ್ಲು ಹೋಗೋದೇ ಆ ನಾರು. ಅದಕ್ಕೇ ಉಜ್ಜಬೇಡಿ. ಒದ್ದೆ ಬಟ್ಟೆ ಚೆನ್ನಾಗಿ ಹಿಂಡಿ ಒರೆಸಿ, ತಕ್ಷಣ ಒಣಗಿಸಿ, ಪಟ್ಟಿಗಳ ಮಧ್ಯೆ ಎಲ್ಲಾದ್ರೂ ಬಿರುಕು ಬಿಟ್ಟಿದ್ಯಾ ಅಂತ ಬೆಳಕಿಗೆ ಹಿಡಿದು ನೋಡಿ. ಹಳೇ ರಾಡಾದ್ರೆ ಅಂಟು ಪ್ರಾಣಿ ಅಂಟು ಇರ್ಬಹುದು, ಅದು ನೀರಿಗೂ ಕರಗತ್ತೆ ಬಿಸಿಗೂ ಬಿಡತ್ತೆ. ಸ್ವಲ್ಪ ಡೊಂಕಾಗಿದ್ರೆ ಒಲೆ ಮೇಲೆ ಕಾಯಿಸಿ ನೇರ ಮಾಡೋಕೆ ಹೋಗ್ಬೇಡಿ, ಡೊಂಕು ಇರ್ಲಿ ಬಿಡಿ.

ಅಂಟ್ಕೊಂಡಿರೋ ಜಾಯಿಂಟು: ತಿರುಚಬೇಡಿ, ಇಕ್ಕಳ ಹಾಕ್ಬೇಡಿ. ತಿರುಚಿದ್ರೆ ಲೋಹ ಮುಗಿಯೋ ಜಾಗದಲ್ಲಿ ಬಿದಿರು ಸೀಳತ್ತೆ. ಸಂದಿಗೆ ಒಂದು ಹನಿ ಸೀಮೆಎಣ್ಣೆ ಬಿಟ್ಟು ರಾತ್ರಿ ಹಂಗೇ ಇಡಿ. ಆಮೇಲೆ ಇಬ್ರು ಎದುರುಬದುರು ನಿಂತು, ಒಬ್ಬೊಬ್ರೂ ಒಂದು ಕೈ ಈ ಕಡೆಗೆ ಒಂದು ಕೈ ಆ ಕಡೆಗೆ ಹಿಡ್ಕೊಂಡು ನೇರವಾಗಿ ಎಳೀಬೇಕು. ಆದಷ್ಟು ಲೋಹದ ಮೇಲೇ ಹಿಡೀರಿ.

ಮರಗೆಲಸ_ಮಂಜ:
ನಂಗೆ ಇದು ಅತಿ ಅನ್ಸತ್ತೆ. ಹಳೇ ಕುರ್ಚಿ ಬಂದ್ರೆ ಕೆರೆದು ಪಾಲಿಷ್ ಹೊಡೆಯಲ್ವಾ? 400 ನಂಬರ್ ಪೇಪರ್ ಲೈಟಾಗಿ ಹೊಡೆದು ಎರಡು ಕೋಟ್ ಪಿಯು (ಪಾಲಿಯುರೆಥೇನ್ ವಾರ್ನಿಶ್) ಹಾಕಿದ್ರೆ ಹೊಸದರ ಹಾಗೆ ಆಗತ್ತೆ. ಇಲ್ಲಾಂದ್ರೆ ಫ್ರೆಂಚ್ ಪಾಲಿಷ್. ಯೂಸ್ ಮಾಡೋಕೆ ತಾನೇ ರಿಪೇರಿ ಮಾಡೋದು, ಮ್ಯೂಸಿಯಂಗೆ ಅಲ್ವಲ್ಲ.

ಕಾಫಿಕಾಡು:
ಮಂಜಣ್ಣ, ಕುರ್ಚಿ ಬಾಗಲ್ಲ, ಇದು ಬಾಗ್ಬೇಕು. ಒಂದು ಗಿಣ್ಣಿನ ಹತ್ರ ಜಾಸ್ತಿ ಕೆರೆದ್ರೆ ಅಲ್ಲೇ ಮುರಿಯೋದು. ಫ್ರೆಂಚ್ ಪಾಲಿಷ್ ಅರಗಿನದು, ನೀರು ತಾಗಿದ್ರೆ ಬೆಳ್ಳಗಾಗತ್ತೆ, ಹೊಳೆ ಹತ್ರ ತಗೊಂಡು ಹೋಗೋ ಸಾಮಾನಿಗೆ ಅದ್ಯಾಕೆ. ಹಳೇ ವಾರ್ನಿಶ್ ಗಟ್ಟಿ ಇರೋ ಕಡೆ ಮುಟ್ಟಬಾರದು, ಎದ್ದಿರೋ ಕಡೆ ಮಾತ್ರ ಉಗುರಲ್ಲಿ ತೆಗೆದು ತೆಳ್ಳಗೆ ದೋಣಿ ವಾರ್ನಿಶ್ ಸವರಿದ್ರೆ ಸಾಕು. ಮೇಲಿಂದ ದಪ್ಪ ಪಿಯು ಹೊಡೆದ್ರೆ ರಾಡಿನ ತೂಕ ಏರತ್ತೆ, ಬೀಸೋವಾಗ ಗೊತ್ತಾಗತ್ತೆ.

ಮರಗೆಲಸ_ಮಂಜ:
ಗಿಣ್ಣಿನ ಮಾತು ಒಪ್ಪಿದೆ. ಪಿಯು ಬಗ್ಗೆ ಒಪ್ಪಲ್ಲ, ತೆಳು ಮಾಡಿ ಬಟ್ಟೇಲಿ ಒರೆಸೋ ಹಾಗೆ ಹಾಕಿದ್ರೆ ತೂಕ ಏನೂ ಬರಲ್ಲ. ಕಾರ್ಕ್ ತೂತಿಗೆ ಬೇಕಾದ್ರೆ ನನ್ ಐಡಿಯಾ ತಗೊಳ್ಳಿ: ಬಾಟಲಿ ಬಿರಡೆ ಉಜ್ಜಿ ಪುಡಿ ಮಾಡಿ, ನೀರು ತಡೆಯೋ ಫೆವಿಕಾಲಲ್ಲಿ ಕಲಸಿ ತುಂಬಿ, ಒಣಗಿದ ಮೇಲೆ ಅಲ್ಲಷ್ಟೇ ಉಜ್ಜಿ. ಇದಕ್ಕಾದ್ರೂ ಸ್ಯಾಂಡ್ ಪೇಪರ್ ಹಿಡೀಬಹುದು ತಾನೇ 😀

ಗಾಳಗುಂಡ:
ಕಾಫಿಕಾಡು ಸರ್, ನೀವು ಹೇಳಿದ್ದೇ ಆಯ್ತು. ರೀಲು ಜಾಗ ಕಟ್ಟಕಡೆಗೇ ಇದೆ, ರಿಂಗುಗಳು ತಂತೀದೇ. ಅಂದ್ರೆ ಫ್ಲೈ ರಾಡು. ಅಂಗಡಿಯವನು ‘ಒರಿಜಿನಲ್ ಸೆಟ್ ಅಣ್ಣಾ’ ಅಂದಿದ್ದ!

ರಾಯರೇ, ಪಾಲ್ ತೆಗೆದು ನೋಡ್ದೆ, ಸವೆದಿಲ್ಲ, ಬರೀ ಮಡ್ಡಿ. ಸೀಮೆಎಣ್ಣೇಲಿ ನೆನೆಸಿದ ಮೇಲೆ ಗೈಡ್ ಈಗ ಅತ್ತಿಂದಿತ್ತ ಸರಾಗ ಓಡ್ತಿದೆ. ಸ್ಪೂಲ್ ಕಂಬಿ ಮೇಲೆ ಎರಡು ಪುಟ್ಟ ಪ್ಲಾಸ್ಟಿಕ್ ತುಂಡು ಸಡಿಲವಾಗಿ ಜಾರಾಡ್ತಿದೆ, ಮುರಿದು ಬಂದಿರೋದಾ ಅದು? ಇನ್ನೊಂದು, ಬಿಚ್ಚಿರೋ ದಾರಕ್ಕೆ ಯಾವ ದಾರ ಹಾಕ್ಲಿ?

ರಿಪೇರಿರಾಯ:
ಮುರಿದಿಲ್ಲ, ಅದೇ ಬ್ರೇಕು. ಎಸೆದಾಗ ಸ್ಪೂಲ್ ಜೋರಾಗಿ ತಿರುಗಿದ್ರೆ ಆ ತುಂಡುಗಳು ಹೊರಕ್ಕೆ ಹಾರಿ ರಿಂಗಿಗೆ ಉಜ್ಜಿ ವೇಗ ಇಳಿಸ್ತವೆ, ಇಲ್ಲಾಂದ್ರೆ ದಾರ ಗೂಡು ಕಟ್ಟತ್ತೆ. ಸಡಿಲ ಇರ್ಲೇಬೇಕು. ಅದಕ್ಕೆ ಪೆಟ್ರೋಲು ಥಿನ್ನರು ತಾಗಿಸ್ಬೇಡಿ, ಗ್ರೀಸೂ ಬೇಡ, ಒರೆಸಿ ಹಾಕಿ.

ಕಾಫಿಕಾಡು:
ದಾರಕ್ಕೆ ರೇಷ್ಮೆ. ವಿದೇಶದಿಂದ ತರಿಸೋದೇನೂ ಬೇಕಿಲ್ಲ, ಸೀರೆ ಕುಚ್ಚಿಗೆ ದಾರ ಮಾರೋ ಅಂಗಡೀಲಿ ಕೇಳಿ, ಆದ್ರೆ ಅಲ್ಲಿ ‘ಸಿಲ್ಕ್ ಥ್ರೆಡ್’ ಅಂತ ಕೊಡೋದು ಬಹಳ ಸಲ ಪಾಲಿಯೆಸ್ಟರೋ ಆರ್ಟ್ ಸಿಲ್ಕೋ ಇರತ್ತೆ. ಒಂದೆಳೆ ಸುಟ್ಟು ನೋಡಿ, ರೇಷ್ಮೆ ಆದ್ರೆ ಕೂದಲು ಸುಟ್ಟ ವಾಸನೆ, ಬೂದಿ ಕೈಗೆ ಪುಡಿಯಾಗತ್ತೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿ ಆಗತ್ತೆ. ದಪ್ಪ ಇದ್ರೆ ಹುರಿ ಬಿಚ್ಚಿ ಒಂದೇ ಎಳೆ ತಗೊಳ್ಳಿ. ದಪ್ಪ ಪುಸ್ತಕದ ಹಾಳೆ ಮಧ್ಯೆ ದಾರ ಹಾಯಿಸಿ ಬಿಗಿ ಕಾಪಾಡ್ಕೊಂಡು, ರಾಡು ತಿರುಗಿಸ್ತಾ ಸುತ್ತಿ, ಕೊನೇ ಕೆಲವು ಸುತ್ತಿನ ಕೆಳಗೆ ಒಂದು ಕುಣಿಕೆ ಇಟ್ಟಿರಿ, ತುದಿನ ಅದರೊಳಗೆ ತೂರಿಸಿ ಎಳೆದ್ರೆ ಗಂಟೇ ಇಲ್ದೆ ಮುಗಿಯತ್ತೆ. ವಾರ್ನಿಶ್ ಬಿದ್ದ ಕೂಡ್ಲೇ ರೇಷ್ಮೆ ಪಾರದರ್ಶಕ ಆಗಿ ಬಣ್ಣ ಕಪ್ಪಗಾಗತ್ತೆ, ಗಾಬರಿ ಬೇಡ, ಬೇರೆ ಬಿದಿರು ಕಡ್ಡಿ ಮೇಲೆ ಮೊದ್ಲು ಸುತ್ತಿ ಬಣ್ಣ ನೋಡ್ಕೊಳ್ಳಿ. ಹಳೇ ಸುತ್ತು ಬಿಚ್ಚೋ ಮುಂಚೆ ಅಗಲ, ಜಾಗ ಎಲ್ಲಾ ಅಳೆದು ಬರ್ಕೊಳ್ಳಿ.

ಅಗೇಟ್ ಒಳಗೆ ಹತ್ತಿ ಎಳೆದು ನೋಡಿ. ಎಳೆ ಸಿಕ್ಕಿದ್ರೆ ಕಲ್ಲು ಬಿರುಕು ಬಿಟ್ಟಿದೆ, ಅದು ದಾರ ಕೊಯ್ಯತ್ತೆ.

ಹೊಳೆಬದಿ_ಕೊಳ್ಳೇಗಾಲ:
ರಿಪೇರಿ ಎಲ್ಲಾ ಸರಿ, ಕಾವೇರಿ ಬಿಳಿಮೀನು ಅಂದಿದ್ದೀರಲ್ಲ, ಆ ಮಾತಿಗೆ ಯಾರೂ ಉತ್ತರ ಕೊಟ್ಟಿಲ್ಲ. ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿ ಕ್ಯಾಂಪಲ್ಲಿ ಮುಂಚೆ ರಾಗಿ ಉಂಡೆ ಹಾಕಿ ಹಿಡಿದು ವಾಪಸ್ ಬಿಡ್ತಿದ್ರು, ಫಾರಿನ್ನೋರೆಲ್ಲಾ ಬರ್ತಿದ್ರು. ಅದೆಲ್ಲಾ ಕಾವೇರಿ ವನ್ಯಧಾಮದ ಒಳಗೆ, ಗಾಳ ಹಾಕೋದು ನಿಂತು ವರ್ಷಗಳಾದ್ವು. ರಾಡು ಹಿಡ್ಕೊಂಡು ಹೋದ್ರೆ ಫಾರೆಸ್ಟಿನೋರು ರೀಲ್ ಸಮೇತ ಎತ್ಕೊಂಡು ಹೋಗ್ತಾರೆ, ಕೇಸೂ ಬೀಳತ್ತೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರು ಕಬಿನಿಯಲ್ಲಿ 120 ಪೌಂಡಿನ ಮೀನು ಹಿಡಿದಿದ್ರು, ಆ ಜಾತಿಗೇ 2018ರಲ್ಲಿ ‘ಅಳಿವಿನ ಅಂಚು’ ಅಂತ ಹಣೆಪಟ್ಟಿ ಬಿದ್ದಿದೆ. ಅದರ ಆಸೆ ಬಿಡಿ. ದುಡ್ಡು ಕಟ್ಟಿ ಹಿಡಿಯೋ ಖಾಸಗಿ ಕೊಳ ಇದಾವೆ, ಗೆಂಡೆ, ಕಾಟ್ಲಾ, ಜಿಲೇಬಿ ಮೀನು (ತಿಲಾಪಿಯಾ) ಸಿಗತ್ತೆ. ಕೆರೆ ಆದ್ರೆ ಟೆಂಡರ್ ಯಾರದ್ದು ಅಂತ ಕೇಳ್ಕೊಂಡು ಹಾಕಿ, ಇಲ್ಲಾಂದ್ರೆ ಜಗಳ ಗ್ಯಾರಂಟಿ.

ಕಡಲಕರೆ:
ಮಾರಾಯ್ರೆ, ರೀಲು ಅಷ್ಟು ಚಂದ ಓಡ್ತದೆ ಅಂತಾದ್ರೆ ಅದಕ್ಕೊಂದು ಆರೂವರೆ ಏಳು ಅಡಿಯ ಬೇಟ್‌ಕಾಸ್ಟಿಂಗ್ ರಾಡು (ಇಂಥ ರೀಲನ್ನು ಮೇಲೆ ಕೂರ್ಸುವ ರಾಡು) ತಗೊಳ್ಳಿ, ಹೊಸತೇ ಆಗ್ಲಿ, ಗ್ರಾಫೈಟ್ ಆದ್ರೂ ಅಡ್ಡಿಲ್ಲ. 12ರಿಂದ 15 ಪೌಂಡಿನ ಮೋನೋ (ಒಂದೇ ಎಳೆಯ ನೈಲಾನ್) ದಾರ ಹಾಕಿ, ಸ್ಪೂಲಿನ ಅಂಚಿಂದ ಎರಡು ಮೂರು ಮಿಲಿಮೀಟರ್ ಕೆಳಗೆ ನಿಲ್ಲಿಸಿ. ಬ್ರೇಡ್ (ಹೆಣೆದ ದಾರ) ಹಾಕುದಾದ್ರೆ ಅಡಿಯಲ್ಲಿ ಸ್ವಲ್ಪ ಮೋನೋ ಸುತ್ತಿ, ಇಲ್ಲದಿದ್ರೆ ಪೂರಾ ಜಾರ್ತದೆ. ಮಲ್ಪೆಗೆ, ಸುರತ್ಕಲ್ಲಿಗೆ ಬಂದು ಬಂಡೆ ಮೇಲಿಂದ ಹಾಕಿದ್ರೆ ಅದೇ ದಿನ ಸಿಹಿನೀರಲ್ಲಿ ತೊಳೀಬೇಕು. ನಲ್ಲಿ ಕೆಳಗೆ ಜೋರಾಗಿ ಹಿಡೀಬೇಡಿ, ಉಪ್ಪನ್ನು ಒಳಗೆ ತಳ್ಳಿದ ಹಾಗೆ ಆಗ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಸ್ಪೂಲ್ ತೆಗೆದು ಒಣಗಿಸಿ. ಕ್ರೋಮ್ ಎದ್ದಿರುವ ರೀಲು ಅಂತ ಹೇಳಿದ್ರಲ್ಲ, ನನ್ನನ್ನು ಕೇಳಿದ್ರೆ ಅದು ಕೆರೆಗೇ ಇರ್ಲಿ, ಕಡಲಿಗೆ ಬೇರೆ ತನ್ನಿ.

ಗಾಳಗುಂಡ:
ಸರಿ, ಕಾವೇರಿ ಕ್ಯಾನ್ಸಲ್, ಸ್ಯಾಂಡ್ ಪೇಪರ್ ಕ್ಯಾನ್ಸಲ್. ಕೊನೇದಾಗಿ, ಈ ಫ್ಲೈ ರಾಡಿಗೆ ಎಷ್ಟನೇ ನಂಬರ್ ಲೈನ್ (ಫ್ಲೈ ದಾರಕ್ಕೆ ತೂಕದ ಪ್ರಕಾರ ನಂಬರ್ ಇರತ್ತಲ್ಲ) ಅಂತ ಹೆಂಗೆ ತಿಳ್ಕೊಳೋದು, ಬರೆದಿರೋದೆಲ್ಲಾ ಅಳಿಸಿದೆ? ರಿಪೇರಿ ಮುಗಿಯೋವರ್ಗೂ ಎಲ್ಲಿಡ್ಲಿ?

ಕಾಫಿಕಾಡು:
ಯಾರ ಹತ್ರನಾದ್ರೂ ಐದು, ಆರು, ಏಳನೇ ನಂಬರ್ ಲೈನ್ ಸಾಲ ತಗೊಂಡು, ಜಾಯಿಂಟು ಸುತ್ತು ಎಲ್ಲಾ ಗಟ್ಟಿ ಆದ್ಮೇಲೆ, ಬಯಲಲ್ಲಿ ಹಗುರದಿಂದ ಶುರುಮಾಡಿ ಬೀಸಿ ನೋಡಿ. ರಾಡು ಅರ್ಧದವರೆಗೆ ಮೆಲ್ಲಗೆ ಬಾಗಿ ಲೈನ್ ನೇರ ಬಿಚ್ಕೊಂಡ್ರೆ ಅದೇ ನಂಬರ್. ಹಿಡಿವರೆಗೂ ಬಾಗಿ ಸೋತ್ರೆ ಲೈನ್ ಭಾರ ಆಯ್ತು, ಇನ್ನೊಂದು ನಂಬರ್ ಇಳೀರಿ. ಇಡೋದು, ತುಂಡು ತುಂಡಾಗಿ ಬಿಚ್ಚಿ, ಒಣಗಿದ ಬಟ್ಟೆ ಚೀಲದಲ್ಲಿ ಹಾಕಿ ಮೊಳೆಗೆ ನೇತುಹಾಕಿ. ಗೋಡೆಗೆ ಒರಗಿಸ್ಬೇಡಿ, ಮಳೆಗಾಲದಲ್ಲಿ ಮುಚ್ಚಿದ ಪ್ಲಾಸ್ಟಿಕ್ ಪೈಪಲ್ಲಿ ಅಂತೂ ಬೇಡ್ವೇ ಬೇಡ, ಬೂಷ್ಟು ಹಿಡಿಯತ್ತೆ.

ಪೇಟೆ_ಹೈದ:
ಎಷ್ಟು ಕೊಟ್ರಿ ಅಂತ ಇನ್ನೂ ಹೇಳಿಲ್ಲ ನೀವು.