ಸಹಾಯ ಬೇಕು: ಸೊಳ್ಳೆ ಕೋಶದ ಹೊರಗೆ ಅಂಟಿದ ಡೆಂಗಿ ವೈರಸ್ ತೆಗೆಯುವುದು ಹೇಗೆ?

ನಮಸ್ಕಾರ. ಡೆಂಗಿ-2 ವೈರಸ್ ಸೊಳ್ಳೆಯ ಕೋಶದೊಳಗೆ ಹೇಗೆ ಹೋಗುತ್ತದೆ ಅಂತ ಸಿ6/36 ಎಂಬ, ಲ್ಯಾಬಿನಲ್ಲಿ ಬೆಳೆಸುವ ಸೊಳ್ಳೆ ಕೋಶಗಳಲ್ಲಿ ನೋಡುತ್ತಿದ್ದೇನೆ. (ಈ ಕೋಶಗಳ ಮೂಲ ಪುಣೆ. 1967ರಲ್ಲಿ ವಿಜ್ಞಾನಿ ಸಿಂಗ್ ಅವರು ಏಡಿಸ್ ಆಲ್ಬೊಪಿಕ್ಟಸ್ ಸೊಳ್ಳೆಯ ಮರಿಗಳಿಂದ ಬೆಳೆಸಿದ್ದು. ನೆನೆದರೆ ಹೆಮ್ಮೆಯಾಗುತ್ತದೆ.)

4 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟರೆ ವೈರಸ್ ಕೋಶಕ್ಕೆ ಅಂಟುತ್ತದೆ, ಒಳಗೆ ಹೋಗಲ್ಲ. 28 ಡಿಗ್ರಿಗೆ ತಂದ ಮೇಲೆ ಕ್ಲಾಥ್ರಿನ್ ಎಂಬ ಪ್ರೊಟೀನಿನ ಹೊದಿಕೆಯ ಗುಳ್ಳೆಗಳಲ್ಲಿ ಒಳಗೆ ಸೇರುತ್ತದೆ. ಗುಳ್ಳೆಯೊಳಗೆ ಹುಳಿ ಜಾಸ್ತಿಯಾದಾಗ ವೈರಸ್ ಮೈಮೇಲಿನ ಇ ಪ್ರೊಟೀನ್ ಆಕಾರ ಬದಲಿಸಿ ವೈರಸ್ ಮತ್ತು ಗುಳ್ಳೆಯ ಪೊರೆಗಳನ್ನು ಬೆಸೆಯುತ್ತದೆ, ವೈರಸ್‌ನ ಆರ್‌ಎನ್‌ಎ (ಅದರ ಆನುವಂಶಿಕ ವಸ್ತು) ಹೊರಬರುತ್ತದೆ.

ತೊಂದರೆ ಇರುವುದು ಒಳಹೋಗದೆ ಹೊರಗೇ ಉಳಿದ ವೈರಸ್ ತೆಗೆಯುವಾಗ. ಪ್ರೊಟೀನ್ ಕತ್ತರಿಸುವ ಕಿಣ್ವ ಪ್ರೊಟೀನೇಸ್ ಕೆ ಹಾಕಿದರೆ ಕೋಶಗಳೇ ಹಾಳೆಯಂತೆ ಎದ್ದು ಬರುತ್ತವೆ. ಮೊದಲೇ ಇವು ತಳವನ್ನು ಗಟ್ಟಿಯಾಗಿ ಹಿಡಿದಿರಲ್ಲ, ಅಲ್ವಾ? ಪಿಪೆಟ್ಟಿನ ಧಾರೆ ಸ್ವಲ್ಪ ಜೋರಾದರೂ ಸಾಕು. ಪಿಹೆಚ್ 3ರ ಹುಳಿ ಗ್ಲೈಸಿನ್ ದ್ರಾವಣದಲ್ಲಿ ತೊಳೆದರೆ ವೈರಸ್ ಸೋಂಕುವ ಶಕ್ತಿ ಕಳೆದುಕೊಳ್ಳುತ್ತದೆ, ಸೋಂಕುವ ವೈರಸ್ ಮಾತ್ರ ಎಣಿಸುವ ಪ್ಲಾಕ್ ಎಣಿಕೆಗೆ ಅದು ಸಾಕು. ಆದರೆ ನಾನು ಅಳೆಯುವುದು ಆರ್‌ಎನ್‌ಎ ಪ್ರಮಾಣ ತಿಳಿಸುವ ಆರ್‌ಟಿ-ಪಿಸಿಆರ್‌ನಲ್ಲಿ. ಕೋಶದ ಮೇಲೆ ಉಳಿದ ಆರ್‌ಎನ್‌ಎ ಕೂಡ ಲೆಕ್ಕಕ್ಕೆ ಬಂದುಬಿಡುತ್ತದೆ.

ಎದ್ದ ಕೋಶಗಳನ್ನೇ ಸೆಂಟ್ರಿಫ್ಯೂಜ್‌ನಲ್ಲಿ ಕೂರಿಸಿ ತೊಳೆಯುವವರು ಯಾರಾದರೂ ಇದ್ದೀರಾ? ಪ್ರೊಟೀನೇಸ್ ಎಷ್ಟು ಹಾಕುತ್ತೀರಿ, ಎಷ್ಟು ಹೊತ್ತು ಬಿಡುತ್ತೀರಿ, ಆಮೇಲೆ ಅದನ್ನು ಯಾವುದರಿಂದ ನಿಲ್ಲಿಸುತ್ತೀರಿ? ದಯವಿಟ್ಟು ತಿಳಿಸಿ.