ಎನ್‌ಎಚ್‌ಎಲ್ 25 ಇದೆ, 26ಕ್ಕೆ ಹೋಗ್ಬೇಕಾ? ಒಬ್ಬರೇ ಆಫ್‌ಲೈನ್ ಆಡೋರು ಹೇಳಿ

ಮೂರನೇಸಾಲು:
ಪಿಎಸ್5ನಲ್ಲಿ ಎನ್‌ಎಚ್‌ಎಲ್ 25 (ಇಎ ಕಂಪನಿಯ ಐಸ್ ಹಾಕಿ ವಿಡಿಯೋ ಗೇಮ್) ಆಡ್ತಿದ್ದೀನಿ. ಫ್ರಾಂಚೈಸ್ ಮೋಡ್ ಮಾತ್ರ, ಅದೂ ಸಿಪಿಯು (ಗೇಮ್ ತಾನೇ ಆಡಿಸೋ ತಂಡ) ವಿರುದ್ಧ. ಕಾರ್ಡ್ ಕೂಡಿಸಿ ತಂಡ ಕಟ್ಟೋ ಅಲ್ಟಿಮೇಟ್ ಟೀಮ್ ಬೇಡ, ಆನ್‌ಲೈನ್ ನನಗೆ ಒಗ್ಗಲ್ಲ. ತಂಡ ಕಟ್ಟೋದು, ಡ್ರಾಫ್ಟ್‌ನಲ್ಲಿ ಹೊಸ ಹುಡುಗರನ್ನ ಆರಿಸೋದು, ಆಮೇಲೆ ಆ ಹುಡುಗರನ್ನ ಐಸ್ ಮೇಲೆ ಇಳಿಸೋದು, ಇಷ್ಟೇ ನನ್ನ ಖುಷಿ.

25ರಲ್ಲಿ ಬೇಜಾರು ಏನಂದ್ರೆ ಯಾವ ತಂಡದ ಮೇಲೆ ಆಡಿದ್ರೂ ಒಂದೇ ಥರ ಅನ್ಸತ್ತೆ. ಗೋಲೂ ಅಷ್ಟೇ, ಗೋಲಿಯ (ಗೋಲ್‌ಕೀಪರ್) ಮುಂದೆ ಅಡ್ಡ ಪಾಸ್, ಅದನ್ನ ನಿಲ್ಲಿಸದೇ ಹೊಡೆಯೋ ಒನ್-ಟೈಮರ್, ಮುಗೀತು. 26ರಲ್ಲಿ ಐಸ್-ಕ್ಯೂ 2.0 (ಎಐ ಆಟಗಾರರ ಬುದ್ಧಿ), ಎನ್‌ಎಚ್‌ಎಲ್ ಎಡ್ಜ್ ಡೇಟಾ (ನಿಜವಾದ ಪಂದ್ಯಗಳ ಸೆನ್ಸರ್ ಮಾಹಿತಿ) ಅಂತೆಲ್ಲ ಹೇಳ್ತಿದ್ದಾರೆ. ಇಎ ಪ್ಲೇ ಚಂದಾದಲ್ಲಿ ಹತ್ತು ಗಂಟೆ ಟ್ರಯಲ್ ಸಿಗತ್ತೆ. ಆ ಹತ್ತು ಗಂಟೇಲಿ ಏನು ನೋಡಿದ್ರೆ ತಗೋಬೇಕಾ ಬಿಡಬೇಕಾ ಅಂತ ಗೊತ್ತಾಗತ್ತೆ?

ಪವರ್‌ಪ್ಲೇ_ಪ್ರಿಯ:
ಫ್ರಾಂಚೈಸ್ ಒಂದಕ್ಕೇ ಅಂದ್ರೆ ಅವಸರ ಬೇಡ. ಆಟಗಾರರ ಜೊತೆ ಮಾತುಕತೆ, ಒಪ್ಪಂದದ ಹೊಸ ವ್ಯವಸ್ಥೆ ಎಲ್ಲ 25ರಲ್ಲೇ ಬಂತು. 26ರಲ್ಲಿ ಕೆಲಸ ಜಾಸ್ತಿ ಆಗಿರೋದು ಒಬ್ಬನೇ ಆಟಗಾರನಾಗಿ ಆಡೋ ಬಿ ಎ ಪ್ರೋ ಮೋಡ್ ಮೇಲೆ.

ನೀಲಿಗೆರೆ:
ಮೆನು, ಕಾಮೆಂಟರಿ, ಹೊಸ ಜರ್ಸಿ ಇವನ್ನೆಲ್ಲ ಪಕ್ಕಕ್ಕಿಡಿ. ನಾನು ಯಾವ ಮೋಡ್ ಆಡಿದ್ರೂ ಡಿಫೆನ್ಸ್‌ನಲ್ಲೇ ನಿಲ್ಲೋದು, ಹಾಗಾಗಿ ಹೊಸ ಆವೃತ್ತಿ ಬಂದಾಗಲೆಲ್ಲ ಒಂದೇ ಪ್ರಶ್ನೆ ಕೇಳ್ಕೋತೀನಿ: ಪಕ್ (ಐಸ್ ಹಾಕಿಯ ರಬ್ಬರ್ ಬಿಲ್ಲೆ) ನನ್ನ ಹತ್ತಿರ ಇಲ್ಲದಾಗ ಈ ಆಟ ಹೇಗಿದೆ? ನಿಜವಾದ ಪಂದ್ಯದಲ್ಲಿ ಒಳ್ಳೇ ಡಿಫೆನ್ಸ್‌ಮನ್ ಇಪ್ಪತ್ತು ನಿಮಿಷಕ್ಕೂ ಮೇಲೆ ಐಸ್ ಮೇಲಿರ್ತಾನೆ. ಅದರಲ್ಲಿ ಪಕ್ ಅವನ ಸ್ಟಿಕ್ ಮೇಲಿರೋದು ತೀರಾ ಸ್ವಲ್ಪ ಹೊತ್ತು. ಉಳಿದದ್ದೆಲ್ಲ ನಿಲ್ಲೋ ಜಾಗ, ನೋಡೋ ದಿಕ್ಕು, ಸ್ಟಿಕ್ ಎಲ್ಲಿಡ್ತಾನೆ ಅನ್ನೋದು. ಟ್ರೇಲರ್‌ನಲ್ಲಿ ತೋರ್ಸೋದು ಮಾತ್ರ ಪಕ್ ಇದ್ದಾಗಿನ ಕಸರತ್ತು.

ಟ್ರಯಲ್ ಶುರು ಮಾಡಿದ ತಕ್ಷಣ ನಿಮ್ಮ ಝೋನ್‌ನಲ್ಲಿ (ನಿಮ್ಮ ಗೋಲಿನ ಕಡೆಯ ಭಾಗ) ಒಂದು ಫೇಸ್‌ಆಫ್ (ಪಕ್ ಬೀಳಿಸಿ ಆಟ ಶುರು ಮಾಡೋದು) ಬೇಕಂತಲೇ ಸೋಲಿ. ಆಮೇಲೆ ನಿಮ್ಮ ಆಟಗಾರನನ್ನ ಹೆಚ್ಚು ಓಡಿಸದೆ ಮಿಕ್ಕ ನಾಲ್ವರನ್ನ ನೋಡಿ. ಸೆಂಟರ್ ಕೆಳಗೆ ಇಳಿದು ಸ್ಲಾಟ್ (ಗೋಲಿನ ಎದುರಿನ ಜಾಗ) ಕಾಯ್ತಾನಾ? ವಿಂಗರ್ ಪಾಯಿಂಟ್‌ನಲ್ಲಿರೋ (ಝೋನ್‌ನ ಗಡಿಯಾದ ನೀಲಿ ಗೆರೆ ಹತ್ತಿರ) ಎದುರಾಳಿ ಕಡೆ ಹೋಗ್ತಾನಾ, ಇಲ್ಲ ಪಕ್ ಹಿಂದೆ ಓಡ್ತಾನಾ? ನೆಟ್ ಮುಂದಿನ ಡಿಫೆನ್ಸ್‌ಮನ್ ಮೂಲೆಗೆ ಎಳೆಸಿಕೊಂಡು ಹೋದ್ರೆ ಹಿಂಬಾಗಿಲು ತೆಗೆದಂಗೇ.

ನೀವು ಹೇಳಿದ ಅಡ್ಡ ಪಾಸ್ ಗೋಲಿನ ಬಗ್ಗೆ ಒಂದು ಮಾತು. ಸ್ಲಾಟ್ ದಾಟಿ ಹೋಗೋ ಪಾಸ್ ನಿಜವಾದ ಹಾಕಿಯಲ್ಲೂ ಅಪಾಯಕಾರಿಯೇ. ಗೋಲಿ ಒಂದು ಕಂಬದಿಂದ ಇನ್ನೊಂದಕ್ಕೆ ಆರು ಅಡಿ ಜಾರಬೇಕು, ಅಷ್ಟರಲ್ಲಿ ಶಾಟ್ ಬಂದಿರತ್ತೆ. ಆದ್ದರಿಂದ ಆ ಪಾಸಿನಿಂದ ಗೋಲ್ ಆಗೋದು ಆಟದ ದೋಷ ಅಲ್ಲ, ಆ ದಾರಿ ಪ್ರತಿ ಸಲ ತೆರೆದೇ ಇರೋದು ದೋಷ. ಹಾಗಾಗಿ ಎಷ್ಟು ಗೋಲ್ ಆಯ್ತು ಅನ್ನೋದಕ್ಕಿಂತ ಪಾಸಿನ ದಾರಿಗೆ ಎದುರಾಳಿ ಎಷ್ಟು ಸಲ ಸ್ಟಿಕ್ ಅಡ್ಡ ಇಟ್ಟ ಅಂತ ಲೆಕ್ಕ ಇಡಿ. ನನ್ನ ಕಣ್ಣಿಗೆ 26ರಲ್ಲಿ ಸಿಪಿಯು ಈ ಕೆಲಸ ಹಿಂದಿಗಿಂತ ಚೆನ್ನಾಗಿ ಮಾಡತ್ತೆ. ಪೂರ್ತಿ ಮುಚ್ಚಿಲ್ಲ, ಆದರೆ ಮೊದಲು ಮಾಡ್ತಿದ್ದ ಒಂದೇ ಪಾಸನ್ನ ಮತ್ತೆ ಮತ್ತೆ ಮಾಡಕ್ಕೆ ಹೋದ್ರೆ ಕತ್ತರಿಸ್ತಾರೆ.

ಆಮೇಲೆ ಎಡ್ಜ್ ಡೇಟಾ. ಎನ್‌ಎಚ್‌ಎಲ್ ಪಂದ್ಯಗಳಲ್ಲಿ ಆಟಗಾರರ ಭುಜದ ಪ್ಯಾಡಲ್ಲೂ ಪಕ್ ಒಳಗೂ ಸೆನ್ಸರ್ ಇರತ್ತೆ, ಅಲ್ಲಿಂದ ಬರೋ ವೇಗ, ಶಾಟ್ ಹೊಡೆಯೋ ಜಾಗದ ಮಾಹಿತಿಯನ್ನ ಈ ಸಲ ಆಟಗಾರರ ನಡವಳಿಕೆಗೆ ಬಳಸಿದ್ದಾರೆ. ಇದನ್ನ ಪರೀಕ್ಷೆ ಮಾಡಕ್ಕೆ ಸುಲಭ ದಾರಿ ಎಡ್ಮಂಟನ್ ತಂಡ. ಅವರ ತಾರೆ ಮೆಕ್‌ಡೇವಿಡ್ ನ್ಯೂಟ್ರಲ್ ಝೋನ್‌ನಲ್ಲಿ (ಐಸ್‌ನ ನಡುಭಾಗ) ವೇಗ ಹಿಡಿದು ಬರೋವಾಗ ನೀವು ನೀಲಿ ಗೆರೆ ಹತ್ತಿರ ಗ್ಯಾಪ್ ಕೊಟ್ಟು ಹಿಂದೆ ಸರಿಯಲೇಬೇಕು, ಇಲ್ಲಾಂದ್ರೆ ಪಕ್ಕದಿಂದ ದಾಟಿ ಹೋಗ್ಬಿಡ್ತಾರೆ. ಅದೇ ತಂಡದ ನಾಲ್ಕನೇ ಲೈನ್ (ಕಡಿಮೆ ಆಡೋ ಕೊನೆಯ ಗುಂಪು) ಬಂದಾಗ ಮುಂದೆ ನುಗ್ಗಿ ಗೆರೆಯಲ್ಲೇ ನಿಲ್ಸೋಕಾಗಬೇಕು. ಈ ವ್ಯತ್ಯಾಸ ಕೈಗೆ ಸಿಕ್ತಾ ಇದ್ರೆ ಡೇಟಾ ಕೆಲಸ ಮಾಡ್ತಿದೆ ಅಂತ. ನನಗೆ ಅನ್ಸಿದ್ದು: ತಾರೆಯರಲ್ಲಿ ಚೆನ್ನಾಗಿ ಕಾಣತ್ತೆ. ಕೊಲರಾಡೊದ ಡಿಫೆನ್ಸ್‌ಮನ್ ಮಕಾರ್ ನೀಲಿ ಗೆರೆ ಉದ್ದಕ್ಕೂ ಜಾರ್ತಾ ಶಾಟ್‌ಗೆ ದಾರಿ ಹುಡುಕೋದು ನೋಡಿದ್ರೆ ಎದೆ ಝಲ್ ಅನ್ನತ್ತೆ. ಮೂರನೇ ಲೈನ್‌ಗಿಂತ ಕೆಳಗೆ ಇಳಿದ್ರೆ ಮತ್ತೆ ಎಲ್ಲರೂ ಒಂದೇ ಅಚ್ಚು. ನಿಮ್ಮಂಥ ಫ್ರಾಂಚೈಸ್ ಆಟಗಾರರಿಗೆ ಇದು ಮುಖ್ಯ, ಯಾಕಂದ್ರೆ ಐದಾರು ಸೀಸನ್ ಆದ ಮೇಲೆ ಲೀಗ್ ತುಂಬ ಗೇಮ್ ತಾನೇ ಹುಟ್ಟಿಸಿದ ಹುಡುಗರು ಇರ್ತಾರೆ. ಅವರಿಗೆ ಸೆನ್ಸರ್ ಡೇಟಾ ಎಲ್ಲಿಂದ ಬರ್ಬೇಕು?

ಕೊನೆಗೆ ಅಂಕಿಅಂಶದ ಪುಟ. ಈಗಿನ ಎನ್‌ಎಚ್‌ಎಲ್‌ನಲ್ಲಿ ಒಂದು ತಂಡಕ್ಕೆ ಪಂದ್ಯಕ್ಕೆ ಸುಮಾರು 28-30 ಶಾಟ್, ಸರಾಸರಿ 3 ಗೋಲ್, ಎರಡು-ಮೂರು ಪವರ್ ಪ್ಲೇ (ಎದುರಾಳಿಯ ಪೆನಾಲ್ಟಿಯಿಂದ ನಮ್ಮ ಕಡೆ ಆಟಗಾರರು ಹೆಚ್ಚಿರೋ ಹೊತ್ತು). ಫುಲ್ ಸಿಮ್‌ನಲ್ಲಿ (ನಿಜವಾದ ಹಾಕಿಗೆ ಹತ್ತಿರದ ಶೈಲಿ) ಆಲ್-ಸ್ಟಾರ್ ಕಷ್ಟದ ಮಟ್ಟ ಇಟ್ಟು ಒಂದೆರಡು ಪಂದ್ಯ ಆಡಿ ಹೋಲಿಸಿ. ಶಾಟ್‌ಗಿಂತ ಮೊದಲು ಸಿಪಿಯು ಪೆನಾಲ್ಟಿ ನೋಡಿ. ಅದು ತಪ್ಪೇ ಮಾಡದಿದ್ರೆ ನೀವು ಕಷ್ಟಪಟ್ಟು ಕಟ್ಟಿದ ಪವರ್ ಪ್ಲೇ ಘಟಕ ಬೆಂಚ್ ಮೇಲೇ ಕೂತಿರತ್ತೆ, ಅದಕ್ಕಂತ ಸಂಬಳ ಕೊಟ್ಟು ತಂದ ಶೂಟರ್‌ಗೆ ಅರ್ಥವೇ ಇರಲ್ಲ. ಸೆಟ್ಟಿಂಗ್‌ನ ಸ್ಲೈಡರ್‌ನಿಂದ ಪೆನಾಲ್ಟಿ ಹೆಚ್ಚಿಸಬಹುದು, ಪಾಸ್ ನಿಖರತೆ ತಗ್ಗಿಸಬಹುದು. ಡಿಫೆನ್ಸ್‌ಮನ್ ತಪ್ಪು ಜಾಗದಲ್ಲಿ ನಿಂತ್ರೆ ಅದಕ್ಕೆ ಸ್ಲೈಡರ್ ಇಲ್ಲ, ಅದಕ್ಕೇ ಮೊದಲು ಅದನ್ನೇ ನೋಡಿ ಅಂದಿದ್ದು.

ಗೋಲಿ_ಪ್ಯಾಡ್:
ನಾನು ಸ್ನೇಹಿತರ ಜೊತೆ ಇಎಎಸ್‌ಎಚ್‌ಎಲ್ ಅನ್ನೋ ಆನ್‌ಲೈನ್ ಕ್ಲಬ್ ಮೋಡ್‌ನಲ್ಲಿ 6-6 ಆಡೋನು, ನಮಗೆ ಆಯ್ಕೆನೇ ಇಲ್ಲ. ಹೊಸದು ಬಂದ ಕೂಡಲೇ ಎಲ್ಲರೂ ಆ ಕಡೆ ಹೋಗ್ತಾರೆ, ಹಳೆಯದ್ರಲ್ಲಿ ಎದುರಾಳಿ ಸಿಗಲ್ಲ. ನಿಮಗೆ ಆ ಒತ್ತಡ ಇಲ್ಲ ಅನ್ನೋದೇ ದೊಡ್ಡ ಅನುಕೂಲ. ಗೋಲಿಗಳ ಬಗ್ಗೆ ಹೇಳ್ಬೇಕಂದ್ರೆ 26ರಲ್ಲಿ ಹೊಸ ಚಲನೆಗಳು ಬಂದಿವೆ, ಪ್ಯಾಡಿನಿಂದ ಪಕ್ ಪುಟಿದ ಮೇಲೆ ಎರಡನೇ ಶಾಟಿಗೆ ಕಾಲು ಚಾಚೋದು ನನಗೆ ಬಹಳ ಹಿಡಿಸ್ತು.

ಮೂರನೇಸಾಲು:
ಮೂವರಿಗೂ ಥ್ಯಾಂಕ್ಸ್. @ನೀಲಿಗೆರೆ, ಬಿಡುಗಡೆಯಾದ ವಾರವೇ ಟ್ರಯಲ್ ಆಡಿ ನಿರ್ಧರಿಸಿದ್ರೆ ಸರಿಯಾ, ಕಾಯಬೇಕಾ? ಯಾವ ತಂಡ ಹಿಡಿದು ಆಡಿ ನೋಡ್ಲಿ?

ನೀಲಿಗೆರೆ:
ಕಾಯಿರಿ. ಪ್ರತಿ ವರ್ಷ ಬಿಡುಗಡೆ ಆದಮೇಲೆ ಆಟವನ್ನ ತಿದ್ದೋ ಟ್ಯೂನರ್ ಅಪ್‌ಡೇಟ್‌ಗಳು ಬರ್ತವೆ. ಪೋಕ್ ಚೆಕ್ (ಸ್ಟಿಕ್ ಚಾಚಿ ಪಕ್ ತಟ್ಟೋದು), ಡಿಕ್ಕಿಯ ಬಲ, ಪಾಸ್ ಎಲ್ಲ ಬದಲಾಗತ್ತೆ. ಮೊದಲ ವಾರದ ವಿಡಿಯೋ ನೋಡಿ ಯಾರೂ ತೀರ್ಮಾನ ಮಾಡಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಎನ್‌ಎಚ್‌ಎಲ್ 15 ನೆನಪಿದೆಯಲ್ಲ? ಹೊಸ ಕನ್ಸೋಲ್‌ನಲ್ಲಿ ನೋಡಕ್ಕೆ ಅದ್ಭುತ, ಆದರೆ ಇಎಎಸ್‌ಎಚ್‌ಎಲ್ ಇರಲೇ ಇಲ್ಲ, ಅದು 16ರಲ್ಲಿ ವಾಪಸ್ ಬಂತು. ಇನ್ನೂ ತಾಳ್ಮೆ ಇದ್ರೆ ಸೀಸನ್ ಕೊನೆ ಹೊತ್ತಿಗೆ ಪೂರ್ತಿ ಗೇಮ್ ಇಎ ಪ್ಲೇಗೇ ಬರೋ ರೂಢಿ ಇದೆ.

ತಂಡ ಅಂದ್ರೆ ಸ್ಯಾನ್ ಹೋಸೆ ತಗೊಳ್ಳಿ. ಯುವ ತಾರೆ ಸೆಲೆಬ್ರಿನಿ ಇರೋದ್ರಿಂದ ದಾಳಿ ಮಾಡಕ್ಕೂ ಖುಷಿ, ಹಿಂದಿನ ಸಾಲು ದುರ್ಬಲ ಆದ್ದರಿಂದ ರಕ್ಷಣೆಯ ಎಐ ಹುಳುಕೆಲ್ಲ ಬೇಗ ಹೊರಗೆ ಬೀಳತ್ತೆ. ಪೆಸಿಫಿಕ್ ಡಿವಿಷನ್ನೇ ಆಗಿರೋದ್ರಿಂದ ಎಡ್ಮಂಟನ್ ಕೂಡ ವೇಳಾಪಟ್ಟಿಯಲ್ಲಿ ಪದೇ ಪದೇ ಸಿಗತ್ತೆ. ಡಿಫೆನ್ಸಿವ್ ತಂತ್ರ ಕೊಲ್ಯಾಪ್ಸಿಂಗ್ (ಎಲ್ಲರೂ ಗೋಲಿನ ಮುಂದೆ ಕೂಡೋದು) ಇಟ್ಟು ಒಂದು ಪಂದ್ಯ, ಟೈಟ್ ಪಾಯಿಂಟ್ (ವಿಂಗರ್‌ಗಳು ಪಾಯಿಂಟ್‌ನವರಿಗೆ ಅಂಟಿರೋದು) ಇಟ್ಟು ಇನ್ನೊಂದು ಆಡಿ. ಎರಡರಲ್ಲೂ ನಿಮ್ಮ ವಿಂಗರ್‌ಗಳು ನಿಲ್ಲೋ ಜಾಗ ಬದಲಾದ್ರೆ ತಗೊಳ್ಳಿ, ಬದಲಾಗದಿದ್ರೆ 25ರಲ್ಲೇ ಇನ್ನೊಂದು ಡ್ರಾಫ್ಟ್ ಮಾಡಿ.