ಇಥಿಯೋಪಿಯಾದ ಮಣ್ಣಿನ ಆನೆಕಾಲು ನಮ್ಮ ಕಾಫಿ ತೋಟಕ್ಕೂ ಬಂದೀತೇ?

ಗಾಳಿಬೀಡು: ಸೊಳ್ಳೆಯಿಲ್ಲದೆ ಬರುವ ಆನೆಕಾಲು, ಪೊಡೊಕೊನಿಯೋಸಿಸ್, ಇಥಿಯೋಪಿಯಾದಲ್ಲಿ ಕೆಂಪು ಮಣ್ಣಲ್ಲಿ ಬರಿಗಾಲಲ್ಲಿ ದುಡಿಯುವವರನ್ನು ಹಿಡಿಯುತ್ತದಂತೆ. ಅಲ್ಲೂ ಕಾಫಿ, ಅಲ್ಲೂ ಜೋರು ಮಳೆ, 1000 ಮೀಟರ್ ಮೇಲಿನ ಬೆಟ್ಟ. ನಮ್ಮ ತೋಟದ ಲೈನ್‌ಮನೆಯ ಕೆಲಸದವರಿಗೂ ಇದರ ಭಯ ಇದೆಯೇ? ಅಲ್ಲಿ ಕಾಲು ಬಾತವರಿಗೆ ಏನು ಮಾಡುತ್ತಾರೆ?

ಹಾರಂಗಿ: ಬಣ್ಣ ನೋಡಿ ಮಣ್ಣು ಅಳೆಯಬೇಡಿ. ಅಲ್ಲಿನದು ಜ್ವಾಲಾಮುಖಿ ಕಲ್ಲು ಸವೆದ ಜೇಡಿ. ಅದರ ನುಣುಪು ಖನಿಜ ಕಣಗಳು ಪಾದದ ಚರ್ಮದೊಳಗೆ ಇಳಿದು ವರ್ಷಗಟ್ಟಲೆ ದುಗ್ಧನಾಳಗಳನ್ನು (ಮೈಯ ಹೆಚ್ಚುವರಿ ದ್ರವ ಸಾಗಿಸುವ ನಾಳಗಳು) ಕೆರಳಿಸುತ್ತವೆ. ಕೊಡಗಿನದು ಬಹುಪಾಲು ನೈಸ್ (gneiss) ಎಂಬ ಕಲ್ಲಿನ ಮಣ್ಣು, ಜ್ವಾಲಾಮುಖಿಯದಲ್ಲ. ಮೈಗುಣವೂ ಸೇರಬೇಕು, ಅದಕ್ಕೇ ಒಂದೇ ಹೊಲದಲ್ಲಿ ದುಡಿದವರಿಗೆಲ್ಲ ಬರುವುದಿಲ್ಲ. ಕೆಲವು ಮನೆತನಗಳಲ್ಲಷ್ಟೇ ಕಾಣುವುದರಿಂದ ಜನ ಅದನ್ನು ಶಾಪ ಅಂತಾರೆ, ಹೆಣ್ಣು ಕೊಡಲು ಹಿಂಜರಿಯುತ್ತಾರೆ.

ಪೊಡೊ ಪಾದದಿಂದ ಮೇಲೇರುತ್ತದೆ, ಮಂಡಿ ದಾಟುವುದು ಅಪರೂಪ. ಸಾಮಾನ್ಯವಾಗಿ ಎರಡೂ ಕಾಲಿಗೆ ಬರುತ್ತದೆ, ಒಂದು ಹೆಚ್ಚು ಒಂದು ಕಮ್ಮಿ. ತೊಡೆಸಂದು, ವೃಷಣ ಬಾತಿದ್ದರೆ ಫೈಲೇರಿಯಾ, ಅಂದರೆ ಸೊಳ್ಳೆ ಹರಡುವ ಹುಳದಿಂದ ಬರುವ ಆನೆಕಾಲು, ಅನುಮಾನಿಸಿ. ಅದರ ರಕ್ತಲೇಪನಕ್ಕೆ ರಾತ್ರಿ 10ರಿಂದ 2ರೊಳಗೆ ರಕ್ತ ತೆಗೆಯಬೇಕು. ಹಗಲಿನ 'ನೆಗೆಟಿವ್' ನಂಬಿ ಕೂರಬೇಡಿ. ಬಾವು ಹಳೆಯದಾಗಿದ್ದರೆ ರಾತ್ರಿ ರಕ್ತದಲ್ಲೂ ಫೈಲೇರಿಯಾದ ಮರಿಹುಳ ಸಿಗದಿರಬಹುದು.

ಕರಿಮೆಣಸು: ಆರೈಕೆ ಎರಡಕ್ಕೂ ಹೆಚ್ಚುಕಮ್ಮಿ ಒಂದೇ. ದಿನಾ ಸೋಪು, ತಣ್ಣೀರು. ತೊಳೆಯುವುದನ್ನು ಎಲ್ಲರೂ ಮಾಡುತ್ತಾರೆ, ಎಡವುವುದು ಒರೆಸುವಲ್ಲಿ. ಬೆರಳ ಸಂದಿಯಲ್ಲಿ ತೇವ ಉಳಿದರೆ ಬೂಷ್ಟು ಹಿಡಿದು ಚರ್ಮ ಸೀಳುತ್ತದೆ, ರೋಗಾಣು ಒಳಬರಲು ಅಷ್ಟೇ ಸಾಕು. ಬಟ್ಟೆಯ ಮೂಲೆಯನ್ನು ಸಂದಿಗೆ ತೂರಿಸಿ ಒತ್ತಿ, ಉಜ್ಜಬೇಡಿ. ಬೂಷ್ಟಿದ್ದಲ್ಲಿ ವೈಟ್‌ಫೀಲ್ಡ್ ಮುಲಾಮು (ಬೆಂಜೋಯಿಕ್ ಆಮ್ಲ 6%, ಸ್ಯಾಲಿಸಿಲಿಕ್ 3%), ಒಣ ಚರ್ಮಕ್ಕೆ ವ್ಯಾಸಲೀನ್, ಸೀಳಿದ ಗಾಯಕ್ಕೆ ಎರಡೂ ಬೇಡ. ಪಟ್ಟಿ ಬೆರಳ ಬುಡದಿಂದ ಮೇಲಕ್ಕೆ, ಕೆಳಗೆ ಬಿಗಿ, ಮೇಲೆ ಸಡಿಲ. ಬೆರಳು ಜೋಮು ಹಿಡಿದರೆ ಬಿಚ್ಚಿ. ಕೂತಾಗ ಕಾಲು ಎತ್ತರದಲ್ಲಿ.

ಜ್ವರ ಬಂದು ಕಾಲು ಕೆಂಪಾಗಿ ಸಿಡಿಯುವಾಗ ಪಟ್ಟಿಯೂ ಬೇಡ, ವ್ಯಾಯಾಮವೂ ಬೇಡ. ಒದ್ದೆ ಬಟ್ಟೆ ಇಟ್ಟು ಮಲಗಿಸಿ, ವೈದ್ಯರ ಬಳಿ ಕರೆದೊಯ್ಯಿರಿ. ಹೀಗೆ ಪದೇಪದೇ ಬಂದಷ್ಟೂ ಕಾಲು ದಪ್ಪವಾಗುತ್ತ ಹೋಗುತ್ತದೆ. ಉತ್ತರ ಇಥಿಯೋಪಿಯಾದಲ್ಲಿ ನಡೆಸಿದ ಗೋಲ್‌ಬೆಟ್ ಪ್ರಯೋಗದಲ್ಲಿ ಈ ತೊಳೆಯುವ, ಪಟ್ಟಿ ಕಟ್ಟುವ, ಚಪ್ಪಲಿ ಹಾಕುವ ಆರೈಕೆಯಿಂದಲೇ ಇಂಥ ಜ್ವರದ ದಿನಗಳು ಕಡಿಮೆಯಾದವು.

ನೀರು ದೂರದಿಂದ ಹೊರಬೇಕಾದ ಮನೆಯಲ್ಲಿ ಕಾಲು ತೊಳೆಯುವ ಸರದಿ ಕೊನೆಗೆ. ಗಂಟುಬಿದ್ದ ಪಾದಕ್ಕೆ ಅಂಗಡಿ ಶೂ ಹಿಡಿಯದು, ಅಳತೆ ತೆಗೆದೇ ಹೊಲಿಸಬೇಕು.

ಗಾಳಿಬೀಡು: ಹಾಗಾದರೆ ಕೆಲಸದವರಿಗೆ ಗಂಬೂಟು ಕೊಟ್ಟರೆ ಮುಗಿಯಿತಲ್ಲ?

ಹಾರಂಗಿ: ಕೊಡಿ, ಎರಡು ಜೊತೆ ಕೊಡಿ. ಆಟಿ ಮಳೆಯಲ್ಲಿ ಒಂದೇ ಜೊತೆ ಒಳಗಿಂದ ಒಣಗುವುದೇ ಇಲ್ಲ. ಉಂಬಳ ಕಚ್ಚಿದ ಜಾಗ ಕೆರೆದುಕೊಂಡು ಅದೇ ಒದ್ದೆ ಬೂಟಿಗೆ ಕಾಲಿಟ್ಟರೆ, ಆಗಲೇ ಬಾತಿರುವ ಕಾಲಿಗೆ ಬರಿಗಾಲೇ ವಾಸಿ ಅನ್ನಿಸಿಬಿಡುತ್ತದೆ. ಸಂಜೆ ತಲೆಕೆಳಗು ಮಾಡಿ ಒಲೆಮನೆಯಲ್ಲಿಡಿಸಿ, ಬೆಂಕಿಗೆ ತೀರ ಹತ್ತಿರ ಅಲ್ಲ.